ಸಾಯುರ್ ಆಸೆಮ್: ತರಕಾರಿ ಬೇಯ್ತಿಲ್ಲ ಯಾಕೆ?

ಪ್ರಶ್ನೆ (ಕೋಲಾರ): ಇಂಡೋನೇಷ್ಯಾದ ಈ ಹುಳಿ ಸೂಪಲ್ಲಿ ಕಡಲೆಕಾಯಿ ಬೀಜ, ಸೀಮೆಬದನೆ ಎಷ್ಟು ಕುದಿಸಿದ್ರೂ ಗಟ್ಟಿ. ಹುಣಸೆ ರಸ ಮೊದಲೇ ಹಾಕ್ತೀನಿ.

ಉತ್ತರ: ಎಡವಟ್ಟು ಅಲ್ಲೇ ಆಗಿರೋದು. ಹುಳಿ ಬಿದ್ದ ಮೇಲೆ ತರಕಾರಿ ಮೆತ್ತಗಾಗಲ್ಲ, ನಮ್ಮ ಸಾರಲ್ಲೂ ಅಷ್ಟೇ. ಒಂದೂವರೆ ಲೀಟರ್ ನೀರಿಗೆ ಅರ್ಧ ಬಟ್ಟಲು ನೆನೆಸಿದ ಬೀಜ, 2 ಇಂಚಿನ ಮುಸುಕಿನ ಜೋಳದ ತುಂಡು ಹಾಕಿ 25 ನಿಮಿಷ ಕುದಿಸಿ. ಬೀಜ ಹಿಸುಕಿದ್ರೆ ಸೀಳಬೇಕು. ಆಮೇಲೆ ಸೀಮೆಬದನೆ, ಅಲಸಂದೆಕಾಯಿ, 8 ನಿಮಿಷ. ನಿಂಬೆ ಗಾತ್ರದ ಹುಣಸೆ, ಚೂರು ಬೆಲ್ಲ ಕೊನೆಗೆ.

ಉತ್ತರ: 5 ಸಾಂಬಾರ್ ಈರುಳ್ಳಿ, 3 ಎಸಳು ಬೆಳ್ಳುಳ್ಳಿ, 3 ಒಣಮೆಣಸಿನಕಾಯಿ ರುಬ್ಬಿ ಹಾಕಿ. ಒಗ್ಗರಣೆ ಕೊಟ್ಟು ಕೆಡಿಸಬೇಡಿ! ಅಲ್ಲಿಯವರು ಸೀಗಡಿ ಪೇಸ್ಟ್ ‘ತೆರಾಸಿ’ ಸೇರಿಸ್ತಾರೆ, ಸಸ್ಯಾಹಾರಿಗಳು ಬಿಡಿ.

ಉತ್ತರ: ಬೋರ್‌ವೆಲ್ಲಿನ ಗಡಸು ನೀರಲ್ಲೂ ಬೀಜ ಬೇಯಲ್ಲ. ಕ್ಯಾನ್ ನೀರು ಬಳಸಿ ನೋಡಿ.