ಶಿರಾಡಿ ಘಾಟಿಗೆ ಮುನ್ನ: ಮುಂದಿನ ಟೈರ್‌ಗಳ ಒಳಅಂಚು ಸವೆದಿದೆ, ಎರಡು ಹಾಕಿಸಲೋ ನಾಲ್ಕೋ?

ಪ್ರಶ್ನೆ: ಹಾಸನದ_ಹಾದಿ

ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮುಂದಿನ ಚಕ್ರ ಎಳೆಯುವ ಗಾಡಿ. ಟೈರ್ 185/65 ಆರ್15 88ಎಚ್, ಟ್ಯೂಬ್‌ಲೆಸ್. 38,000 ಕಿ.ಮೀ. ಓಡಿದೆ. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಡಿಒಟಿ ಸಾಲಿನ ಕೊನೆಯಲ್ಲಿ 3119 ಅಂತಿದೆ. ಟ್ರೆಡ್‌ನ (ರಸ್ತೆಗೆ ತಾಗುವ ಮೈ) ಗೀರುಗಳ ಆಳ ಅಳೆದಾಗ ಸಿಕ್ಕಿದ್ದು:

ಮುಂದಿನ ಎರಡೂ: ಹೊರಗೆ 4, ನಡುವೆ 4, ಒಳಗೆ 2 ಮಿ.ಮೀ.
ಹಿಂದಿನ ಎರಡೂ: ಎಲ್ಲ ಕಡೆ 4.5 ಮಿ.ಮೀ.

ಇದೇ ತಿಂಗಳು ಮಳೆಯಲ್ಲಿ ಐದು ಜನ, ಸಾಮಾನು ಸಮೇತ ಬೆಂಗಳೂರಿಂದ ಶಿರಾಡಿ ಮೇಲೆ ಮಂಗಳೂರಿಗೆ ಹೋಗಬೇಕು. ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ನಾಲ್ಕಕ್ಕೂ 33, ಪೂರ್ತಿ ಲೋಡಿಗೆ ಹಿಂದೆ 36 ಪಿಎಸ್‌ಐ ಎಂದಿದೆ. ಬಂಕಿನಲ್ಲಿ ಮಾತ್ರ 40 ಹೊಡೀತಾರೆ, ಟೈರ್ ಮೇಲೇ "ಮ್ಯಾಕ್ಸ್ 44" ಅಂತಿದೆಯಲ್ಲ ಎನ್ನುತ್ತಾರೆ. ನನ್ನ ಪ್ರಶ್ನೆ ಮೂರು. ಒಳಅಂಚು ಯಾಕೆ ಸವೆಯಿತು? ಎರಡೇ ಹೊಸದು ಹಾಕಿಸಿದರೆ ಮುಂದಕ್ಕೋ ಹಿಂದಕ್ಕೋ? ಗಾಳಿ ಎಷ್ಟು?

ಉತ್ತರ 1: ಟೋ_ಇನ್_ಟೋ_ಔಟ್

ಮೂರು ಕಡೆ ಅಳೆದಿದ್ದೀರಿ, ಅರ್ಧ ಕೆಲಸ ಮುಗೀತು. ಬಹಳ ಜನ ನಿಂತ ಗಾಡಿಯ ಮುಂದೆ ಬಗ್ಗಿ ಹೊರಅಂಚು ನೋಡಿ "ಇನ್ನೂ ಚೆನ್ನಾಗಿದೆ" ಅಂತಾರೆ. ಸ್ಟೀರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ, ಟೈರಿನ ಹಿಂಭಾಗದಿಂದ ನೋಡಿದರೆ ಮಾತ್ರ ಒಳಅಂಚು ಕಣ್ಣಿಗೆ ಬೀಳೋದು.

ಗಾಳಿ ಕಡಿಮೆಯಾದರೆ ಎರಡೂ ಅಂಚು ಸವೆಯುತ್ತದೆ, ಜಾಸ್ತಿಯಾದರೆ ನಡುಭಾಗ. ಅಲ್ಲಲ್ಲಿ ಬಟ್ಟಲಿನಂತೆ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ ಅಥವಾ ಬ್ಯಾಲೆನ್ಸಿಂಗ್ ತಪ್ಪಿದೆ. ನಿಮ್ಮದು ಇವ್ಯಾವೂ ಅಲ್ಲ. ಎಡ ಬಲ ಎರಡರಲ್ಲೂ ಒಳಗೇ ಒಂದೇ ಸಮ ಸವೆದಿರುವುದರಿಂದ ಮೊದಲ ಅನುಮಾನ ಟೋ ಮೇಲೆ: ಚಕ್ರಗಳ ಮುಂಭಾಗ ಹೊರಕ್ಕೆ ತೆರೆದುಕೊಂಡಿದೆ. ಟ್ರೆಡ್ ಮೇಲೆ ಅಂಗೈಯನ್ನು ಅಡ್ಡಡ್ಡ ಸವರಿ. ಒಂದು ದಿಕ್ಕಿಗೆ ನುಣುಪಾಗಿ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ತಾಗಿದರೆ ಟೋ ದೋಷ ಖಾತ್ರಿ. (ತಂತಿ ಎದ್ದಿದ್ದರೆ ಕೈ ಕುಯ್ಯುತ್ತದೆ, ಮೊದಲು ಕಣ್ಣಲ್ಲಿ ನೋಡಿ.) ಒಂದೇ ಚಕ್ರದಲ್ಲಿ ಹೀಗಾಗಿದ್ದರೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು), ಅಂದರೆ ಗುಂಡಿಗೆ ಬಿದ್ದು ಚಕ್ರ ಹಿಡಿದಿಡುವ ಸ್ಟ್ರಟ್ ಅಥವಾ ಲೋವರ್ ಆರ್ಮ್ ಬಾಗಿದೆಯಾ ಎಂದು ಹುಡುಕಬೇಕಿತ್ತು.

ನೇರ ಅಲೈನ್‌ಮೆಂಟ್ ಯಂತ್ರಕ್ಕೆ ಹತ್ತಿಸಬೇಡಿ. ಮೊದಲು ಗಾಡಿ ಎತ್ತಿಸಿ ಚಕ್ರವನ್ನು ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಲು ಹೇಳಿ, ಆಟ ಸಿಕ್ಕರೆ ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಕೊಂಡಿ). 12 ಮತ್ತು 6ರಲ್ಲಿ ಸಿಕ್ಕರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಲೋವರ್ ಆರ್ಮ್ ಬುಷ್ ಹರಿದಿದೆಯಾ ನೋಡಿಸಿ. ಇವು ಸಡಿಲ ಇದ್ದರೆ ಯಂತ್ರದ ಮೇಲೆ ಎಲ್ಲ ಹಸಿರು ತೋರಿಸಿ, ಮುಂದಿನ ಹಂಪ್ ದಾಟುವಷ್ಟರಲ್ಲಿ ಟೋ ಮತ್ತೆ ಹೋಗಿರುತ್ತದೆ. ಅಲೈನ್‌ಮೆಂಟಿನ ಮೊದಲಿನ ಮತ್ತು ನಂತರದ ಎರಡೂ ಪ್ರಿಂಟ್ ಕೇಳಿ ಪಡೆಯಿರಿ. ನಿಮ್ಮ ತರಹದ ಕಾರುಗಳಲ್ಲಿ ಮುಂದೆ ಸಾಮಾನ್ಯವಾಗಿ ಟೋ ಒಂದನ್ನೇ ತಿರುಗಿಸಲು ಬರೋದು. ಕ್ಯಾಂಬರ್ ಕೆಂಪು ಬಂದರೆ "ಅಡ್ಜಸ್ಟ್ ಮಾಡಿದೀವಿ" ಅನ್ನೋ ಮಾತನ್ನು ನಂಬದೆ ಯಾವ ಪಾರ್ಟ್ ಬಾಗಿದೆ ಅಂತ ಕೇಳಿ.

ಮುಂದಿನ ಎರಡರ ಕಥೆ ಇಷ್ಟೇ: ಕಾರಿಗೆ ಕಾನೂನಿನ ಕನಿಷ್ಠ 1.6 ಮಿ.ಮೀ. (ಎರಡು ಚಕ್ರದ ಗಾಡಿಗೆ 0.8). ಟ್ರೆಡ್‌ನ ಗೀರುಗಳ ತಳದಲ್ಲಿ ಕಾಣುವ ಟಿಡಬ್ಲ್ಯುಐ (ಸವೆತ ತೋರಿಸುವ) ಉಬ್ಬು ಇರೋದು ಆ ಮಟ್ಟಕ್ಕೇ. ನಿಮ್ಮ ಒಳಅಂಚು 2ರಲ್ಲಿದೆ, ಕಾಗದದ ಮೇಲೆ ಪಾಸು. ಮಲೆನಾಡಿನ ಮಳೆಗೆ ಫೇಲು. ಹೊಸ ಟೈರಿನಲ್ಲಿ ಸುಮಾರು 8 ಮಿ.ಮೀ. ಇರುತ್ತದೆ, 3ಕ್ಕಿಂತ ಕೆಳಗಿಳಿದ ಮೇಲೆ ನೀರನ್ನು ಹೊರದಬ್ಬಲು ಜಾಗವೇ ಉಳಿಯೋದಿಲ್ಲ.

3119 ಅಂದರೆ 2019ರ 31ನೇ ವಾರ, ಜುಲೈ ಮುಗಿದು ಆಗಸ್ಟ್ ಶುರುವಾಗುವ ಹೊತ್ತು. ರಬ್ಬರ್ ಓಡದೆ ನಿಂತರೂ ಗಟ್ಟಿಯಾಗುತ್ತದೆ. ಅನೇಕ ಕಾರ್ ಕಂಪನಿಗಳು 6 ವರ್ಷಕ್ಕೆ ಬದಲಿಸಿ ಎನ್ನುತ್ತವೆ. ಟೈರ್ ಕಂಪನಿಗಳು 5 ವರ್ಷದ ಮೇಲೆ ಪ್ರತಿ ವರ್ಷ ತಪಾಸಣೆ, ಏನೇ ಆದರೂ 10ಕ್ಕೆ ಕೊನೆ ಅನ್ನುತ್ತವೆ.

ಉತ್ತರ 2: ಬೆಳಗಿನ_ಗಾಳಿ

ಗಾಳಿ ವಿಷಯಕ್ಕೆ ಬರ್ತೀನಿ. ಟೈರ್ ಮೇಲಿನ 44 ಆ ಟೈರ್ ತಡೆಯಬಲ್ಲ ಮೇಲ್ಮಿತಿ. ಅದೇ ಟೈರ್ ಹತ್ತು ಬೇರೆ ಕಾರಿಗೂ ಹೋಗುತ್ತೆ, ನಿಮ್ಮ ಕಾರಿನ ತೂಕ ಅದಕ್ಕೇನು ಗೊತ್ತು? ಸ್ಟಿಕ್ಕರ್ ಹೇಳಿದ್ದೇ ಸರಿ. ಐದು ಜನ, ಡಿಕ್ಕಿ ತುಂಬ ಸಾಮಾನು ಅಂದಿದ್ದೀರಿ, ಹಾಗಾಗಿ ಮುಂದೆ 33, ಹಿಂದೆ 36.

ಆ ಅಂಕಿ ತಣ್ಣಗಿರುವ ಟೈರಿನದು: ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಎರಡು ಕಿ.ಮೀ. ಒಳಗೆ ಓಡಿರಬೇಕು. ಉಷ್ಣಾಂಶ 10 ಡಿಗ್ರಿ ಏರಿದರೆ ಹತ್ತಿರ ಹತ್ತಿರ 1.5 ಪಿಎಸ್‌ಐ ಏರುತ್ತದೆ. ಹೈವೇಯಲ್ಲಿ ಒಂದು ಗಂಟೆ ಓಡಿದ ಮೇಲೆ 33 ಇದ್ದದ್ದು 36, 37 ತೋರಿಸೋದು ಸಹಜ. ಇಲ್ಲೇ ದೊಡ್ಡ ತಪ್ಪಾಗೋದು. "ಜಾಸ್ತಿ ಆಗಿದೆ" ಅಂತ ಬಿಸಿ ಟೈರಿಂದ ಗಾಳಿ ಬಿಟ್ಟು 33ಕ್ಕೆ ತಂದರೆ, ತಣ್ಣಗಾದಾಗ ಅದು 29, 30. ಗಾಳಿ ಕಡಿಮೆಯಾದ ಟೈರ್ ಪ್ರತಿ ಸುತ್ತಿಗೂ ಸೈಡ್‌ವಾಲ್ ಮಡಚಿ ಬಿಚ್ಚುತ್ತದೆ, ಆ ಮಡಚಾಟದ್ದೇ ಶಾಖ. ಹೈವೇಯಲ್ಲಿ ಟೈರ್ ಸಿಡಿಯೋದು ಗಾಳಿ ಜಾಸ್ತಿಯಾಗಿ ಎಂದೇ ನಮ್ಮಲ್ಲಿ ನಂಬಿಕೆ, ಸಾಮಾನ್ಯವಾಗಿ ನಡೆಯೋದು ಇದರ ಉಲ್ಟಾ. ಬಿಸಿಯಲ್ಲೇ ತುಂಬಿಸಬೇಕಾಗಿ ಬಂದರೆ ಸ್ಟಿಕ್ಕರ್ ಅಂಕಿಗೆ 3, 4 ಸೇರಿಸಿ ತುಂಬಿಸಿ, ಮರುದಿನ ಬೆಳಗ್ಗೆ ಸರಿ ಮಾಡಿ.

ನಿಮ್ಮ ದಾರಿಗೆ ಇನ್ನೊಂದು ಸಂಗತಿ ಇದೆ. ಗೇಜ್ ತೋರಿಸೋದು ಹೊರಗಿನ ವಾಯುಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಹೊರಗಿನ ಒತ್ತಡ ಹತ್ತಿರ ಹತ್ತಿರ 13.2 ಪಿಎಸ್‌ಐ. ಮಂಗಳೂರಿನಲ್ಲಿ 14.7. ಅಂದರೆ ಒಂದು ಹನಿ ಗಾಳಿ ಸೋರದಿದ್ದರೂ ಬೆಂಗಳೂರಿನ 33 ಕರಾವಳಿಯಲ್ಲಿ 31.5 ಆಗುತ್ತೆ. ಅಲ್ಲಿನ ಬೆಳಗು ಬೆಚ್ಚಗಿರೋದರಿಂದ ಇದರಲ್ಲಿ ಅರ್ಧದಷ್ಟು ವಾಪಸ್ ಬರುತ್ತೆ. ಪಂಕ್ಚರ್ ಅಂತ ಗಾಬರಿ ಬೇಡ, ಮರುದಿನ ಬೆಳಗ್ಗೆ ಅಲ್ಲೇ ಚೆಕ್ ಮಾಡಿ ಸರಿ ಮಾಡಿಕೊಳ್ಳಿ. ನಾಲ್ಕೂ ಒಂದೇ ಸಮ ಇಳಿದಿದ್ದರೆ ಹವೆ, ಒಂದೇ ಇಳಿದಿದ್ದರೆ ಮೊಳೆ.

ನೈಟ್ರೋಜನ್ ಅಂತ ಯಾರಾದರೂ ಶುರು ಮಾಡುವ ಮುಂಚೆ ಹೇಳಿಬಿಡ್ತೀನಿ: ಸಾದಾ ಗಾಳಿಯಲ್ಲೇ 78% ಅದು. ತುಸು ನಿಧಾನ ಸೋರುತ್ತದೆ, ತೇವಾಂಶ ಇರಲ್ಲ, ಅಷ್ಟೇ. ಎರಡನ್ನೂ ಬೆರೆಸಬಹುದು. ಆ ದುಡ್ಡಿಗೆ ಸ್ವಂತ ಗೇಜ್ ಒಂದು ಕೊಳ್ಳಿ, ಬಂಕಿನ ಮೀಟರ್‌ಗಳು ಒಂದಕ್ಕೊಂದು ಹೊಂದೋದೇ ಇಲ್ಲ.

ಉತ್ತರ 3: ಮೂರನೇ_ಗೇರ್

ಎರಡೇ ಹಾಕಿಸುವುದಾದರೆ ಮುಂದಕ್ಕೇ ಹಾಕಿಸಿ. ಎಳೆಯೋದು ಮುಂದಿನ ಚಕ್ರ, ತಿರುಗೋದೂ ಅದೇ, ಬ್ರೇಕಿನ ಭಾರ ಬೀಳೋದೂ ಅದರ ಮೇಲೇ. ಅಲ್ಲಿ ಹಿಡಿತ ಬೇಡವೇ?

ಉತ್ತರ 4: ಟೋ_ಇನ್_ಟೋ_ಔಟ್

ಕೇಳೋಕೆ ಸರಿ ಅನ್ನಿಸುತ್ತೆ, ಆದರೆ ಒದ್ದೆ ತಿರುವಿನಲ್ಲಿ ತಿರುಗುಮುರುಗು. ಮುಂದಿನ ಟೈರ್ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ. ಸ್ಟೀರಿಂಗ್ ಹಗುರಾಗಿದ್ದು ಕೈಗೇ ತಿಳಿಯುತ್ತೆ, ಆಕ್ಸಿಲರೇಟರ್ ಬಿಟ್ಟರೆ ಬಹುತೇಕ ಹಿಡಿತ ವಾಪಸ್ ಬರುತ್ತೆ. ಹಿಂದಿನದು ಜಾರಿದರೆ ಕಾರಿನ ಬಾಲ ಸುತ್ತುತ್ತೆ, ಮುನ್ಸೂಚನೆಯೂ ಇಲ್ಲ. ಆಗ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ವಾಲಿ ಹಿಂಭಾಗ ಇನ್ನೂ ಹಗುರಾಗುತ್ತೆ, ಅಂದರೆ ಸಹಜವಾಗಿ ಮಾಡುವ ಕೆಲಸವೇ ಕೆಡಿಸುತ್ತೆ. ಅದಕ್ಕೇ ಯಾವ ಚಕ್ರ ಎಳೆಯುವ ಗಾಡಿಯಾದರೂ ಆಳ ಹೆಚ್ಚಿರುವ ಜೋಡಿ ಹಿಂದಕ್ಕೆ. ವ್ಯತ್ಯಾಸ ಒಂದು ಮಿ.ಮೀ. ಒಳಗಿದ್ದರೆ ಎಲ್ಲಿದ್ದರೂ ನಡೆಯುತ್ತೆ. ಇವರ ಲೆಕ್ಕದಲ್ಲಿ 8ಕ್ಕೆ 4.5.

ಉತ್ತರ 5: ಮೂರನೇ_ಗೇರ್

ಭಾರ ಮುಂದಕ್ಕೆ ವಾಲುವ ಮಾತು ಒಪ್ಪಿದೆ. ಘಾಟಿ ಇಳಿಯುವಾಗ ಅದು ಇನ್ನೂ ಹೆಚ್ಚೇ. ನನ್ನ ಸಲಹೆ ಹಿಂದಕ್ಕೆ ತಗೊಂಡೆ.

ಗಾಳಿಗೂ ನೀರಿಗೂ ಇರುವ ನಂಟು ಒಂದು ಸೇರಿಸ್ತೀನಿ. ಟೈರ್ ನೀರಿನ ಮೇಲೆ ತೇಲುವ ವೇಗಕ್ಕೆ ನಾಸಾದವರು 1960ರ ದಶಕದಲ್ಲಿ ವಿಮಾನದ ಚಕ್ರಗಳ ಮೇಲೆ ಕೆಲಸ ಮಾಡಿ ಕೊಟ್ಟ ಸೂತ್ರ: ಪಿಎಸ್‌ಐನ ವರ್ಗಮೂಲವನ್ನು 9ರಿಂದ ಗುಣಿಸಿದರೆ ನಾಟ್ ಲೆಕ್ಕದ ವೇಗ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.). 33ಕ್ಕೆ ಗಂಟೆಗೆ ಸುಮಾರು 96 ಕಿ.ಮೀ., 22ಕ್ಕೆ 78. ಕಾರಿಗೆ ಹಾಗೇ ಅನ್ವಯಿಸಲ್ಲ, ಅಗಲ ಟೈರ್ ಬೋಳಾಗಿದ್ದರೆ ಇನ್ನೂ ಬೇಗ ತೇಲುತ್ತೆ. ಆದರೆ ಗಾಳಿ ಇಳಿದಷ್ಟೂ ಬೇಗ ತೇಲುತ್ತೆ ಅನ್ನೋದು ನಿಜ. ಮಳೆಗಾಲ ಅಂತ "ಹಿಡಿತಕ್ಕೆ" ಗಾಳಿ ಇಳಿಸುವವರು ಇದನ್ನ ನೋಡಬೇಕು.

ಪ್ರಶ್ನೆ ಕೇಳಿದವರು: ಹಾಸನದ_ಹಾದಿ

ಈಗ ಹೊಸ ತಲೆನೋವು. ಹಿಂದಿನ ಎಡ ಟೈರ್ ವಾರಕ್ಕೆ 3 ಪಿಎಸ್‌ಐ ಇಳೀತಿತ್ತು. ಸೋಪುನೀರು ಹಾಕಿ ನೋಡಿದರೆ ಹೊರಅಂಚಿಂದ ಒಂದು ಇಂಚಿನ ಒಳಗೇ ಸ್ಕ್ರೂ ಹೊಕ್ಕಿದೆ. ಅಂಗಡಿಯವರು ಸ್ಟ್ರಿಪ್ (ತೂತಿಗೆ ಹೊರಗಿನಿಂದ ತುರುಕುವ ಅಂಟು ಪಟ್ಟಿ) ಹಾಕ್ತೀವಿ, ಏನೂ ಆಗಲ್ಲ ಅಂದರು. ಹಾಕಿಸಲಾ?

ಉತ್ತರ 6: ಅಣಬೆ_ಪ್ಯಾಚ್

ಆ ಜಾಗಕ್ಕೆ ಬೇಡ. ಟ್ರೆಡ್‌ನ ನಡುಭಾಗದಲ್ಲಿ 6 ಮಿ.ಮೀ.ವರೆಗಿನ ತೂತು ಮಾತ್ರ ರಿಪೇರಿಗೆ ಯೋಗ್ಯ. ಒಳಗಿನ ಉಕ್ಕಿನ ಬೆಲ್ಟ್ ಮುಗಿಯೋದು ಭುಜದ (ಟ್ರೆಡ್ ಸೈಡ್‌ವಾಲ್‌ಗೆ ಸೇರುವ ಅಂಚು) ಹತ್ತಿರ, ಟೈರ್ ಬಾಗುವುದು ಶುರುವಾಗುವುದೂ ಅಲ್ಲೇ. ಸ್ಟ್ರಿಪ್ ಹಿಡಿದು ಕೂರಲು ಸುತ್ತಲಿನ ರಬ್ಬರ್ ಅಲ್ಲಾಡಬಾರದು, ಭುಜದಲ್ಲಿ ಅದು ಪ್ರತಿ ಸುತ್ತಿಗೂ ಅಲ್ಲಾಡುತ್ತೆ. ಸೈಡ್‌ವಾಲ್‌ನಲ್ಲಂತೂ ಉಕ್ಕೇ ಇಲ್ಲ, ಬಟ್ಟೆಯ ದಾರ ಮಾತ್ರ.

ಸ್ಟ್ರಿಪ್ ಒಟ್ಟಾರೆ ಕೆಟ್ಟದ್ದು ಅಂತಲ್ಲ. ನಡುಭಾಗದ ಸಣ್ಣ ತೂತಿಗೆ ದಾರಿ ಮಧ್ಯೆ ಅದೇ ಆಪದ್ಬಾಂಧವ. ಸೋಪುನೀರಿಂದ ಜಾಗ ಹುಡುಕಿ ಸೀಮೆಸುಣ್ಣದ ಗುರುತು ಹಾಕಿ, ಮೊಳೆ ಯಾವ ಕೋನದಲ್ಲಿ ಹೊಕ್ಕಿದೆ ನೋಡಿಕೊಂಡು ಕಟಿಂಗ್ ಪ್ಲೇಯರಲ್ಲಿ ಕೀಳಬೇಕು. ಅದೇ ಕೋನದಲ್ಲಿ ರಾಸ್ಪ್ (ತೂತು ಉಜ್ಜುವ ಒರಟು ಅರ) ಹಾಕಿ ನಾಲ್ಕೈದು ಸಲ ಉಜ್ಜಬೇಕು. ಸೂಜಿಯ ಕಣ್ಣಿಗೆ ಸ್ಟ್ರಿಪ್‌ನ ನಡುಭಾಗ ಪೋಣಿಸಿ, ಸಲ್ಯೂಷನ್ ಹಚ್ಚಿ, ಎರಡೂ ತುದಿ ಒಂದೂವರೆ ಸೆಂ.ಮೀ. ಹೊರಗುಳಿಯುವಂತೆ ಒತ್ತಿ, ಸೂಜಿಯನ್ನು ತಿರುಚದೆ ಒಂದೇ ಏಟಿಗೆ ಎಳೆಯಬೇಕು. ಮೂರು ಮಿ.ಮೀ. ಬಿಟ್ಟು ತುದಿ ಕತ್ತರಿಸಿ, ಗಾಳಿ ತುಂಬಿ, ಮತ್ತೆ ಸೋಪುನೀರು. ಸೋರುವಿಕೆಗೆ ಸಾಮಾನ್ಯ ಕಾರಣ ರಾಸ್ಪನ್ನು ಬೇರೆ ಕೋನದಲ್ಲಿ ಹಾಕಿ ಇನ್ನೊಂದು ತೂತು ಮಾಡೋದು. ಖಾಯಂ ರಿಪೇರಿ ಅಂದರೆ ಟೈರ್ ಕಳಚಿ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸೋದು. ಕಳಚಿದಾಗ ಒಳಗೆ ಕಪ್ಪು ಪುಡಿ ಉದುರಿದ್ದರೆ ಆ ಟೈರ್ ಗಾಳಿ ಇಲ್ಲದೆ ಓಡಿದೆ, ಸೈಡ್‌ವಾಲ್ ಸುಟ್ಟಿದೆ, ಪ್ಯಾಚ್ ದಂಡ.

ಹಿಂದಿನ ಎಡ ಹೋಯಿತು, ಮುಂದಿನ ಎರಡು ಮೊದಲೇ ಹೋಗಿತ್ತು. ಉಳಿದ ಒಂದು 2019ರದ್ದು. ನಾಲ್ಕು ಹಾಕಿಸಿ. ಅದೇ ಅಳತೆ, ಲೋಡ್ ಇಂಡೆಕ್ಸ್ 88ಕ್ಕೆ (ಟೈರೊಂದಕ್ಕೆ 560 ಕೆ.ಜಿ.) ಕಡಿಮೆ ಬೇಡ. 195/65 ಹಾಕಿ ಅಂತ ಅಂಗಡಿಯಲ್ಲಿ ಹೇಳಿದರೆ ಅದರ ಎತ್ತರ 2% ಹೆಚ್ಚು, ಮೀಟರ್ 100 ತೋರಿಸುವಾಗ ನಿಜದಲ್ಲಿ ಇನ್ನೆರಡು ಕಿ.ಮೀ. ಜಾಸ್ತಿ ಹೋಗುತ್ತಿರುತ್ತೀರಿ. ತಯಾರಿಕೆಯ ವಾರ ನೋಡಿ, ಬಿಲ್ ಮಾಡಿಸುವ ಮುಂಚೆ.

ಉತ್ತರ 7: ಸ್ಟೆಪ್ನಿ_ಮರೆತವ

ನಾಲ್ಕು ಹಾಕಿಸುವಾಗ ರಬ್ಬರ್ ವಾಲ್ವ್‌ಗಳನ್ನೂ ಹೊಸದು ಕೇಳಿ, ಹಳೇ ವಾಲ್ವ್ ಬುಡದಲ್ಲಿ ಬಿರಿದು ನಿಧಾನ ಸೋರುತ್ತೆ. ಕ್ಯಾಪ್ ಇರಲೇಬೇಕು, ಪಿನ್‌ಗೆ ಮಣ್ಣು ಕೂತರೆ ಅಲ್ಲೂ ಸೋರುತ್ತೆ. ನಟ್‌ಗಳನ್ನು ಗನ್‌ನಲ್ಲಿ ಪೂರ್ತಿ ಬಿಗಿಸಲು ಬಿಡಬೇಡಿ. ಎದುರುಬದುರು ಕ್ರಮದಲ್ಲಿ, ಟಾರ್ಕ್ ರೆಂಚಿನಲ್ಲಿ, ಮ್ಯಾನ್ಯುಯಲ್‌ನ ಅಂಕಿಗೆ. ನೂರು ಕಿ.ಮೀ. ಒಳಗೆ ಇನ್ನೊಮ್ಮೆ. ಹೊಸ ಟೈರ್ ಮೇಲೆ ಅಚ್ಚಿನ ಎಣ್ಣೆಯಂಥ ಪದರ ಇರುತ್ತೆ, 200, 300 ಕಿ.ಮೀ. ಮೆಲ್ಲಗೆ ಓಡಿಸಿ. ಅಂದರೆ ಹೊರಡುವ ಹಿಂದಿನ ದಿನ ಹಾಕಿಸಬೇಡಿ, ವಾರ ಮುಂಚೆ ಹಾಕಿಸಿ. ರೊಟೇಷನ್ 10,000 ಕಿ.ಮೀ.ಗೆ: ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಎಡಬಲ ಬದಲಾಗಿ ಮುಂದಕ್ಕೆ. ಸೈಡ್‌ವಾಲ್ ಮೇಲೆ ಬಾಣದ ಗುರುತಿದ್ದರೆ ಬದಿ ಬದಲಿಸುವಂತಿಲ್ಲ.

ಇನ್ನು ಸ್ಟೆಪ್ನಿ. ಅದೂ 2019ರದ್ದೇ ಇರುತ್ತೆ, ಗಾಳಿ ನೋಡಿ ಎಷ್ಟು ಕಾಲವಾಯಿತೋ. ಅದಕ್ಕೆ ಸ್ಟಿಕ್ಕರ್‌ನ ಅತಿ ಹೆಚ್ಚಿನ ಅಂಕಿ, ನಿಮ್ಮಲ್ಲಿ 36, ತುಂಬಿಸಿಡಿ. ಬೇಕಾದಾಗ ಇಳಿಸೋದು ಸುಲಭ, ಗುಂಡ್ಯದ ಕಾಡಲ್ಲಿ ಏರಿಸೋದು ಕಷ್ಟ. ಎಷ್ಟೋ ಮಾದರಿಗಳಲ್ಲಿ ಸ್ಟೆಪ್ನಿ 165/80 ಆರ್14 ಕೊಟ್ಟಿರ್ತಾರೆ. ಎತ್ತರ ಹೆಚ್ಚುಕಡಿಮೆ ಒಂದೇ, ಹಿಡಿತ ಒಂದೇ ಅಲ್ಲ. 80 ಕಿ.ಮೀ. ಮೀರಬೇಡಿ.

ಘಾಟಿಯಲ್ಲೇ ಪಂಕ್ಚರ್ ಆದರೆ ಇಳಿಜಾರಿನಲ್ಲಿ, ತಿರುವಿನಲ್ಲಿ ಜಾಕ್ ಹಾಕಬೇಡಿ. ಹಜಾರ್ಡ್ ಹಾಕಿಕೊಂಡು ನಡಿಗೆ ವೇಗದಲ್ಲಿ ಸಮತಟ್ಟು ಜಾಗ ಸಿಗುವವರೆಗೆ ಹೋಗಿ. ಆ ಟೈರ್ ಹಾಳಾದರೂ ಸರಿ. ಹ್ಯಾಂಡ್‌ಬ್ರೇಕ್, ಒಂದನೇ ಗೇರ್, ಕರ್ಣದ ಆ ತುದಿಯ ಚಕ್ರಕ್ಕೆ ಎರಡೂ ಬದಿ ಕಲ್ಲು. ಎಲ್ಲರೂ ಕೆಳಗಿಳಿದು ರಸ್ತೆಯಿಂದ ದೂರ ನಿಲ್ಲಲಿ. ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್. ಕಳಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿ, ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತೆ.

ಪ್ರಶ್ನೆ ಕೇಳಿದವರು: ಹಾಸನದ_ಹಾದಿ

ಸ್ಟೆಪ್ನಿ ನೋಡಿದೆ: 165/80 ಆರ್14, 2819, ಗಾಳಿ 14 ಪಿಎಸ್‌ಐ. ವಾಲ್ವ್ ಬುಡದಲ್ಲಿ ಗುಳ್ಳೆ ಬರ್ತಿದೆ. ನಾಳೆ ಐದು ವಾಲ್ವ್ ಹೇಳ್ತೀನಿ, ಮೊದಲು ಲೋವರ್ ಆರ್ಮ್ ಬುಷ್ ನೋಡಿಸಿ ಆಮೇಲೆ ಟೈರ್, ಕೊನೆಗೆ ಅಲೈನ್‌ಮೆಂಟ್. ಈ ಕ್ರಮ ಸರಿ ತಾನೇ?

ಉತ್ತರ 8: ಟೋ_ಇನ್_ಟೋ_ಔಟ್

ಸರಿ. ಯಂತ್ರಕ್ಕೆ ಹತ್ತಿಸುವ ಮುಂಚೆ ನಾಲ್ಕಕ್ಕೂ ಗಾಳಿ ಸಮ ಮಾಡಿಸಿ, ಡಿಕ್ಕಿ ಖಾಲಿ ಮಾಡಿ. ಪ್ರಿಂಟ್ ಎರಡು.