ಸತೀಶ್ ಧವನ್ ಅವರ ನಾಯಕತ್ವ: ಆ ಪತ್ರಿಕಾಗೋಷ್ಠಿ ಬಿಟ್ಟು ಬೇರೇನಿದೆ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಎಂಬಿಎ ಓದುತ್ತಿದ್ದೇನೆ. ಟ್ರಾನ್ಸ್‌ಫಾರ್ಮೇಷನಲ್ ಲೀಡರ್‌ಶಿಪ್, ಅಂದರೆ ಪರಿವರ್ತನೆ ತರುವ ನಾಯಕತ್ವದ ಬಗ್ಗೆ ಪ್ರಾಜೆಕ್ಟ್ ಬರೆಯಬೇಕು. ನಾನು ಇಸ್ರೋ ಅಧ್ಯಕ್ಷರಾಗಿದ್ದ ಪ್ರೊಫೆಸರ್ ಸತೀಶ್ ಧವನ್ ಅವರನ್ನು ಆರಿಸಿಕೊಂಡೆ.

ತೊಂದರೆ ಏನೆಂದರೆ, ಎಲ್ಲಿ ಹುಡುಕಿದರೂ ಅದೇ ಒಂದು ಕಥೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಪತ್ರಕರ್ತರ ಮುಂದೆ ಧವನ್ ತಾವೇ ಕೂತು ಹೊಣೆ ಹೊತ್ತರು. 1980ರ ಜುಲೈ 18ರಂದು ಅದೇ ರಾಕೆಟ್‌ನಿಂದ ರೋಹಿಣಿ ಉಪಗ್ರಹ ಕಕ್ಷೆಗೆ ಸೇರಿದಾಗ, ಮಾತಾಡಲು ಕಲಾಂ ಅವರನ್ನು ಕಳಿಸಿದರು. ಕಲಾಂ ಅವರೇ ಎಷ್ಟೋ ಕಡೆ ಇದನ್ನು ಹೇಳಿದ್ದಾರೆ. ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಆದರೆ ಒಂದೇ ಘಟನೆ ಇಟ್ಟುಕೊಂಡು ನಾಯಕತ್ವ ಅಳೆಯಲು ಆಗುತ್ತಾ? ತಾನೇ ಮಾದರಿಯಾಗುವುದು, ಹುರಿದುಂಬಿಸುವುದು, ಹೊಸದಾಗಿ ಯೋಚಿಸಲು ಬಿಡುವುದು, ಒಬ್ಬೊಬ್ಬರನ್ನೂ ಗಮನಿಸಿ ಬೆಳೆಸುವುದು ಅಂತ ನಾಲ್ಕು ಗುಣ ಹೇಳಿಕೊಟ್ಟಿದ್ದಾರೆ. ಇವಕ್ಕೆ ಬೇರೆ ಉದಾಹರಣೆ ಬೇಕು.

ಜಯನಗರ ಓದುಗ
ಅವರು ಇಸ್ರೋಗೆ ಬಂದ ರೀತಿಯನ್ನೇ ನೋಡಿ. 1971ರ ಡಿಸೆಂಬರ್ 30ರಂದು ಇಸ್ರೋ ಕಟ್ಟಿದ ವಿಕ್ರಮ್ ಸಾರಾಭಾಯ್ ತೀರಿಕೊಂಡರು. ಆಗ ಧವನ್ ರಜೆ ಮೇಲೆ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಪಾಠ ಮಾಡುತ್ತಿದ್ದರು. ಇಂದಿರಾ ಗಾಂಧಿಯವರು ಕರೆದಾಗ ಎರಡು ಮಾತು ಹೇಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆ ಬಿಡುವುದಿಲ್ಲ. ಇಸ್ರೋದ ಮುಖ್ಯ ಕಚೇರಿ ಬೆಂಗಳೂರಿಗೆ ಬರಬೇಕು. ಎರಡೂ ಆಯಿತು.

ಬಿಸಿಲೂರು
ಇವರೇ, ನಾನು ನಿವೃತ್ತ ವಿಜ್ಞಾನ ಮೇಷ್ಟ್ರು, ರಾಯಚೂರು ಜಿಲ್ಲೆಯವನು. ಧವನ್ ಅಂದರೆ ನನಗೆ ತುಂಬಾ ಗೌರವ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಪತ್ರಿಕಾಗೋಷ್ಠಿಯ ಕಥೆಯಲ್ಲಿ ಎಲ್ಲರೂ ನೋಡದೆ ದಾಟಿ ಹೋಗುವ ವಿಷಯ ಒಂದಿದೆ. 1980ರಲ್ಲಿ ಮಾತಾಡಲು ಕಲಾಂ ಆ ಕುರ್ಚಿಯಲ್ಲಿ ಇದ್ದರಲ್ಲ! ಅಷ್ಟು ದೊಡ್ಡ ಸೋಲಾದ ಮೇಲೂ ಅವರೇ ಪ್ರಾಜೆಕ್ಟ್ ಡೈರೆಕ್ಟರ್ ಆಗಿ ಉಳಿದಿದ್ದರು. ನಮ್ಮ ಕಚೇರಿಗಳಲ್ಲಿ ಏನಾಗುತ್ತದೆ ಹೇಳಿ. ಒಂದು ಕೆಲಸ ಕೆಟ್ಟರೆ ಮೊದಲು ವರ್ಗಾವಣೆ, ಆಮೇಲೆ ವಿಚಾರಣೆ. ಧವನ್ ಕಾಲದಲ್ಲಿ ತಪ್ಪನ್ನು ಯಂತ್ರದಲ್ಲಿ ಹುಡುಕಿದರು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಒಂದು ವಾಲ್ವ್ ಸಿಕ್ಕಿಹಾಕಿಕೊಂಡು ಆಮ್ಲ ಸೋರಿತ್ತು. ಅದನ್ನು ಸರಿಮಾಡಿದರು. ವರ್ಷ ತುಂಬುವ ಮೊದಲೇ ಮತ್ತೆ ಹಾರಿಸಿದರು.

ಇದು ಒಂದೇ ಸಲ ಆದದ್ದಲ್ಲ. ಆರ್ಯಭಟ ನೆನಪಿದೆಯಲ್ಲ? ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಅವರ ತಂಡ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಕಟ್ಟಿದ ಉಪಗ್ರಹ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್‌ನಲ್ಲಿ ಹೋಯಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ಅದರೊಳಗಿನ ಪ್ರಯೋಗಗಳು ನಿಂತವು. ಆದರೂ ಉಪಗ್ರಹಗಳ ಹೊಣೆ ರಾವ್ ಕೈಯಲ್ಲೇ ಉಳಿಯಿತು. ಮುಂದಿನ ಉಪಗ್ರಹ ಭಾಸ್ಕರ 1979ರಲ್ಲಿ ಹೋಯಿತು, ಅದರ ಉಸ್ತುವಾರಿ ಕಸ್ತೂರಿರಂಗನ್ ಅವರದು. 1984ರಲ್ಲಿ ಧವನ್ ಇಳಿದಾಗ ಅಧ್ಯಕ್ಷರಾದದ್ದು ರಾವ್. 1994ರಲ್ಲಿ ಕಸ್ತೂರಿರಂಗನ್. ಒಬ್ಬೊಬ್ಬರನ್ನೂ ಬೆಳೆಸುವುದು ಅಂದಿರಲ್ಲ, ಇದಕ್ಕಿಂತ ಸಾಕ್ಷಿ ಬೇಕಾ? ಪೆಟ್ಟು ತಿಂದವರಿಗೇ ಮುಂದಿನ ಕೆಲಸ ಕೊಟ್ಟರು. ಯಾಕೆಂದರೆ ಎಲ್ಲಿ ಕೆಟ್ಟಿತು ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ನೀವು ಈ ಮೂರು ವರ್ಷಗಳನ್ನು, ಅಂದರೆ 1975, 1979, 1980, ಒಟ್ಟಿಗೆ ಇಟ್ಟು ಬರೆಯಿರಿ. ಆಗ ಅದು ಒಂದು ದಿನದ ದೊಡ್ಡತನ ಅನ್ನಿಸುವುದಿಲ್ಲ, ಮನುಷ್ಯನ ಪದ್ಧತಿ ಅಂತ ಗೊತ್ತಾಗುತ್ತದೆ.

ಖಾಲಿ ಹಾಳೆ
ಗೌರವದಿಂದಲೇ ಕೇಳುತ್ತೇನೆ ಸರ್. ಕನಸು ಕಂಡವರು ಸಾರಾಭಾಯ್. ಕೇರಳದ ತುಂಬಾ ಉಡಾವಣಾ ಕೇಂದ್ರ, ಶ್ರೀಹರಿಕೋಟಾ ಎರಡೂ ಅವರ ಕಾಲದವು. ಧವನ್ ಸುಮ್ನೆ ಮುಂದುವರಿಸಿದರು ಅಷ್ಟೇ ಅಲ್ವಾ? ಅದನ್ನು ಪರಿವರ್ತನೆ ಅನ್ನಬಹುದಾ?

ಬಿಸಿಲೂರು
ಒಳ್ಳೆ ಪ್ರಶ್ನೆ. ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿದರು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳು. ನಮ್ಮ ಶಾಲೆಯ ಹತ್ತಿರ ಕೋಳಿ ಗೂಡಿನ ಜಾಲರಿಯಂಥ ತಂತಿಯಿಂದ ಮಾಡಿದ ದೊಡ್ಡ ಆಂಟೆನಾ ನಿಲ್ಲಿಸಿದ್ದರು. ಬೇಸಾಯ, ಆರೋಗ್ಯದ ಕಾರ್ಯಕ್ರಮ ಕನ್ನಡದಲ್ಲೇ ಬರುತ್ತಿತ್ತು. ಒಪ್ಪಂದ ಆದದ್ದು 1969ರಲ್ಲಿ, ಸಾರಾಭಾಯ್ ಇದ್ದಾಗ. ಅದು ನಮ್ಮೂರಿಗೆ ಬಂದು ಮುಟ್ಟಿದ್ದು ಧವನ್ ಕಾಲದಲ್ಲಿ.

ಹಿಂದಿನವರ ಯೋಜನೆಗೆ ಬೀಗ ಹಾಕಿ ತನ್ನ ಹೆಸರಿನದ್ದು ಶುರುಮಾಡುವವರನ್ನು ಬೇಕಾದಷ್ಟು ನೋಡಿದ್ದೇವೆ. ಧವನ್ ಹಾಗೆ ಮಾಡಲಿಲ್ಲ. ರಾಕೆಟ್ ಕೆಲಸ ನೋಡಿಕೊಳ್ಳಲು ತಿರುವನಂತಪುರಕ್ಕೆ ಬ್ರಹ್ಮ ಪ್ರಕಾಶ್ ಅವರನ್ನು ಕರೆತಂದರು. ಅವರು ಲೋಹ ವಿಜ್ಞಾನಿ, ರಾಕೆಟ್‌ನವರೇ ಅಲ್ಲ! ಸಾರಾಭಾಯ್ ಒಬ್ಬರ ಸುತ್ತ ನಡೆಯುತ್ತಿದ್ದ ಕೆಲಸ ಹತ್ತಾರು ಜನರ ಕೈಗೆ ಹೋಯಿತು. ಅದೇ ನನ್ನ ಲೆಕ್ಕದಲ್ಲಿ ಪರಿವರ್ತನೆ.

ತುಂಗಾತೀರ
ಸರ್, ತುಂಬಾ ಧನ್ಯವಾದ. ಬ್ರಹ್ಮ ಪ್ರಕಾಶ್ ಅವರ ಬಗ್ಗೆ ನನಗೆ ಗೊತ್ತೇ ಇರಲಿಲ್ಲ. ಆರ್ಯಭಟದಿಂದಲೇ ಬರೆಯಲು ಶುರುಮಾಡುತ್ತೇನೆ.