ಪ್ಲಾಟರಲ್ಲಿ ಪೊಸಿಷನ್ ಉಂಟು, ವಿಎಚ್‌ಎಫ್‌ಗೆ ಮಾತ್ರ ಬರ್ತಿಲ್ಲ

ಮಲ್ಪೆಬೋಟು:
ನಮ್ದು ಮಲ್ಪೆಲಿ ಟ್ರಾಲ್ ಬೋಟು. ಮಳೆಗಾಲದ ರಜೆ ಅಲ್ವಾ ಅಂತ ಹೊಸ ಡಿಎಸ್‌ಸಿ ವಿಎಚ್‌ಎಫ್ (ಬಟನ್ ಒತ್ತಿದ್ರೆ ಅಪಾಯದ ಕರೆ ಕಳ್ಸೋ ಬೋಟ್ ರೇಡಿಯೋ) ಹಾಕ್ಸಿ, ಜಿಪಿಎಸ್ ಪ್ಲಾಟರಿಂದ (ಬೋಟ್ ಎಲ್ಲುಂಟು ಅಂತ ಮ್ಯಾಪಲ್ಲಿ ತೋರ್ಸೋ ಸ್ಕ್ರೀನ್) ಪೊಸಿಷನ್ ಡಾಟಾ ಹೋಗೋ ಎನ್‌ಎಂಇಎ 0183 ವೈರ್ ಎಳ್ದು ಕಲರ್‌ಗೆ ಕಲರ್ ಸೇರ್ಸಿದ್ದು, ಆದ್ರೂ ವಿಎಚ್‌ಎಫ್ ನೋ ಪೊಸಿಷನ್ ಅಂತ ಕೂಗ್ತಾ ಉಂಟು. ಪ್ಲಾಟರಲ್ಲಿ ನೋಡಿದ್ರೆ ಪೊಸಿಷನ್ ಸರಿಯಾಗೇ ಬರ್ತದೆ. ಆಗಸ್ಟ್ 1ಕ್ಕೆ ಹೊರಡ್ಬೇಕು, ಎಂತ ಮಾಡೋದು?

ವೈರ್‌ಪೆಟ್ಟಿಗೆ:
ಕಲರ್ ನಂಬ್ಬೇಡಿ ಮಾರಾಯ್ರೆ, ಒಂದೊಂದು ಕಂಪನಿದು ಒಂದೊಂದು ಕಲರ್. ಎರಡೂ ಮ್ಯಾನ್ಯುಯಲ್ ತೆಗ್ದು ಪ್ಲಾಟರಿನ ಔಟ್ ಪ್ಲಸ್ಸನ್ನ ವಿಎಚ್‌ಎಫ್‌ನ ಇನ್ ಪ್ಲಸ್ಸಿಗೆ, ಮೈನಸ್ಸನ್ನ ಮೈನಸ್ಸಿಗೆ ಕೊಡಿ. ಔಟಿಗೆ ಔಟ್ ಸೇರ್ಸಿದ್ರೆ ಇಬ್ರೂ ಮಾತಾಡ್ತಾರೆ, ಕೇಳೋರು ಯಾರೂ ಇಲ್ಲ. ಆಮೇಲೆ ಪ್ಲಾಟರ್ ಮೆನುಲಿ ಆರ್‌ಎಂಸಿ ಸೆಂಟೆನ್ಸ್ (ಟೈಮ್, ಪೊಸಿಷನ್ ಕಳ್ಸೋ ಡಾಟಾ ಲೈನ್) ಆನ್ ಉಂಟಾ ನೋಡಿ.

ಮಲ್ಪೆಬೋಟು:
ಹೌದು ಅಣ್ಣ, ಔಟಿಗೆ ಔಟೇ ಕೊಟ್ಟಿದ್ದು 😅 ತಿರುಗ್ಸಿ ಹಾಕ್ದೆ, ಆರ್‌ಎಂಸಿನೂ ಆನ್ ಉಂಟು. ಆದ್ರೂ ಬರ್ತಿಲ್ಲ.

ಎಂಜಿನ್‌ರೂಮ್:
ಪ್ಲಾಟರಲ್ಲಿ ವಿಎಚ್‌ಎಫ್ ವೈರ್ ಸೇರ್ಸಿದ ಅದೇ ಪೋರ್ಟಿಗೆ ಎಐಎಸ್ಸೂ (ಸುತ್ತ ಇರೋ ಹಡಗು ಎಲ್ಲುಂಟು ಅಂತ ತೋರ್ಸೋದು) ಸೇರ್ಸಿದ್ದೀರಾ?

ಮಲ್ಪೆಬೋಟು:
ಹೌದು, ಎಐಎಸ್ ರಿಸೀವರ್ ಪೋರ್ಟ್ 1ಕ್ಕೇ ಬರ್ತದೆ.

ಎಂಜಿನ್‌ರೂಮ್:
ಹಾಗಾದ್ರೆ ಅಲ್ಲೇ ಉಂಟು ಗಂಟು. ಎಐಎಸ್ ಓಡೋದು 38400 ಬಾಡ್ ಡಾಟಾ ಸ್ಪೀಡಲ್ಲಿ, ಅದಕ್ಕೇಂತ ಯಾರೋ ಪೋರ್ಟ್ 1ನ್ನ 38400 ಮಾಡಿರ್ತಾರೆ, ತುಂಬ ಪ್ಲಾಟರಲ್ಲಿ ಒಂದು ಪೋರ್ಟಿನ ಇನ್, ಔಟ್ ಎರಡಕ್ಕೂ ಒಂದೇ ಸ್ಪೀಡು, ಆದ್ರೆ ನಿಮ್ಮ ವಿಎಚ್‌ಎಫ್ ಕೇಳೋದು ಹೆಚ್ಚಾಗಿ 4800. ಹಂಗಾಗಿ ಡಾಟಾ ಹೋಗ್ತಾ ಇರ್ತದೆ, ಅದಕ್ಕೆ ತಲೆಬುಡ ಅರ್ಥ ಆಗಲ್ಲ. ಪೋರ್ಟ್ 2 ಖಾಲಿ ಇದ್ರೆ ವಿಎಚ್‌ಎಫ್ ಅಲ್ಲಿಗೆ ಹಾಕಿ 4800 ಇಡಿ. ಖಾಲಿ ಇಲ್ದಿದ್ರೆ ವಿಎಚ್‌ಎಫ್ ಮೆನುಲೇ 38400 ಸಿಗ್ತದಾ ನೋಡಿ. ಪೋರ್ಟ್ 1ನ್ನೇ 4800ಕ್ಕೆ ಇಳಿಸ್ಬೇಡಿ, ಎಐಎಸ್ ಹೋಗ್ತದೆ.
ಹಾಗೂ ಬರ್ದಿದ್ರೆ ಲ್ಯಾಪ್‌ಟಾಪಿಗೆ ಯುಎಸ್‌ಬಿ ಕನ್ವರ್ಟರ್ ಹಾಕಿ ನೋಡಿ. ಸ್ಪೀಡ್ ತಪ್ಪಿದ್ರೆ ಕಸ ಕಾಣ್ತದೆ, ಸರಿ ಇದ್ರೆ ಡಾಲರ್ ಚಿಹ್ನೆಯಿಂದ ಶುರುವಾಗೋ ಲೈನ್. ಆರ್‌ಎಂಸಿ ಲೈನಲ್ಲಿ ಟೈಮ್ ಆದ್ಮೇಲೆ ‘ಎ’ ಇದ್ರೆ ಫಿಕ್ಸ್ (ಜಿಪಿಎಸ್‌ಗೆ ಸರಿಯಾದ ಪೊಸಿಷನ್) ಉಂಟು, ‘ವಿ’ ಇದ್ರೆ ಇಲ್ಲ.

ವೈರ್‌ಪೆಟ್ಟಿಗೆ:
ಎಐಎಸ್ ವಿಷಯ ನಂಗೆ ಹೊಳೀಲೇ ಇಲ್ಲ. ಜಾಯಿಂಟೂ ಬಿಚ್ಚಿ ನೋಡಿ, ಉಪ್ಪು ನೀರಿಗೆ ಬರೀ ಟೇಪ್ ಸುತ್ತಿದ್ದು ನಿಲ್ಲಲ್ಲ, ಒಳಗೆ ತಾಮ್ರ ಹಸಿರಾಗಿರ್ತದೆ.

ಮಲ್ಪೆಬೋಟು:
ಬಂತು ಬಂತು!! ಪೋರ್ಟ್ 2, 4800. ಹಾಕಿದ ಕೂಡ್ಲೇ ವಿಎಚ್‌ಎಫಲ್ಲಿ ಅಕ್ಷಾಂಶ ರೇಖಾಂಶ ಬಂತು. ಒಂದು ಜಾಯಿಂಟ್ ಹಸಿರೂ ಆಗಿತ್ತು, ಅದನ್ನ ಕಟ್ ಮಾಡಿ ಬೇರೆ ಹಾಕ್ದೆ. ಈಗ ವಿಎಚ್‌ಎಫಲ್ಲಿರೋ ಆ ಕೆಂಪು ಅಪಾಯದ ಬಟನ್ ಒತ್ತಿ ಒಮ್ಮೆ ಟೆಸ್ಟ್ ಮಾಡ್ಲಾ?

ಎಂಜಿನ್‌ರೂಮ್:
ಅಯ್ಯೋ ಬೇಡ ಮಾರಾಯ್ರೆ! ಅದು ಚಾನೆಲ್ 70ರಲ್ಲಿ ಸುತ್ತ ಇರೋ ಎಲ್ಲಾ ಡಿಎಸ್‌ಸಿ ಸೆಟ್ಟಿಗೂ ಅಪಾಯದ ಕರೆ ಅಂತ ಹೋಗ್ತದೆ. ಸ್ಕ್ರೀನಲ್ಲಿ ಪೊಸಿಷನ್ ಕಂಡ್ರೆ ಸಾಕು. ಎಂಎಂಎಸ್‌ಐ ನಂಬರ್ (ಬೋಟಿನ ರೇಡಿಯೋ ಗುರುತಿನ ನಂಬರ್) ಹಾಕಿದ್ದೀರಲ್ಲ, 419ರಿಂದ ಶುರುವಾಗೋದು? ಅದಿಲ್ದಿದ್ರೆ ಡಿಎಸ್‌ಸಿ ಕರೆ ಹೋಗೋದೇ ಇಲ್ಲ.